ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸುವ ಮಗು: ನಿಮ್ಮ ಮನೆಗೆ ಯಾವ ದಾರಿ ಹೊಂದುತ್ತದೆ?

ಉಪ್ಪಿಟ್ಟಿನ ತಟ್ಟೆ ಮುಂದಿಟ್ಟರೆ ನನ್ನ ಮಗಳು ಮೊದಲು ಕೂತು ಹೆಕ್ಕುತ್ತಿದ್ದಳು. ಕರಿಬೇವು ಒಂದು ಕಡೆ, ಬೀನ್ಸ್ ಒಂದು ಕಡೆ, ಕ್ಯಾರೆಟ್ ಚೂರು ಇನ್ನೊಂದು ಕಡೆ. ಸಾಸಿವೆ ಕಾಳನ್ನೂ ಬಿಡುತ್ತಿರಲಿಲ್ಲ. ಎಲ್ಲವನ್ನೂ ಅಂಚಿನಲ್ಲಿ ಸಾಲಾಗಿ ಕೂರಿಸಿ, ಮಧ್ಯೆ ಉಳಿದ ಬಿಳಿ ರವೆ ಮಾತ್ರ ತಿನ್ನುತ್ತಿದ್ದಳು. ಆಗ ಅವಳಿಗೆ ಮೂರೂವರೆ ವರ್ಷ. ತಟ್ಟೆ ಎತ್ತುವಾಗ ಆ ಸಾಲು ನೋಡಿ ನನಗೆ ಅಳು ಬಂದ ದಿನಗಳಿವೆ.

ಈಗ ಇದೇ ಪರಿಸ್ಥಿತಿಯಲ್ಲಿರುವ ಅಪ್ಪ ಅಮ್ಮಂದಿರು ನನ್ನನ್ನು ಕೇಳುತ್ತಾರೆ. ತರಕಾರಿ ರುಬ್ಬಿ ದೋಸೆ ಹಿಟ್ಟಿಗೆ ಹಾಕಿಬಿಡಲಾ? ಮೊಬೈಲ್ ತೋರಿಸಿಯಾದರೂ ತಿನ್ನಿಸಲಾ? ಹಸಿವಾದರೆ ತಾನೇ ತಿನ್ನುತ್ತೆ ಅಂತ ಬಿಡಲಾ? ಹಾಲಿಗೆ ಪುಡಿ ಹಾಕಿ ಕೊಟ್ಟರೆ ಸಾಕಾ? ಇವು ಒಂದಕ್ಕೊಂದು ಬೇರೆಯೇ ದಾರಿಗಳು. ಒಂದು ಮನೆಗೆ ಸರಿಹೋಗಿದ್ದು ಇನ್ನೊಂದು ಮನೆಗೆ ಹೊಂದಬೇಕೆಂದಿಲ್ಲ. ಅದಕ್ಕೇ ಪಕ್ಕಪಕ್ಕ ಇಟ್ಟು ತೂಗಿ ನೋಡೋಣ.

ಮೊದಲು ಒಂದು ಸಮಾಧಾನದ ಮಾತು

ಹುಟ್ಟಿದಾಗ 3 ಕಿಲೋ ಇದ್ದ ಮಗು ಒಂದು ವರ್ಷಕ್ಕೆ ಸುಮಾರು 9 ಕಿಲೋ ಆಗುತ್ತದೆ. ಆಮೇಲೆ, ಎರಡರಿಂದ ಐದು ವರ್ಷದವರೆಗೆ, ವರ್ಷಕ್ಕೆ ಹೆಚ್ಚೂ ಕಡಿಮೆ 2 ಕಿಲೋ ಮಾತ್ರ ಏರುತ್ತದೆ. ಬೆಳವಣಿಗೆಯ ವೇಗ ಇಳಿದ ಹಾಗೆ ಹಸಿವೂ ಇಳಿಯುತ್ತದೆ. 'ಮೊದಲೆಲ್ಲ ಎಷ್ಟು ಚೆನ್ನಾಗಿ ತಿಂತಿತ್ತು, ಈಗ ಏನಾಯ್ತೋ' ಅಂತ ನಾವು ಕೊರಗುವುದು ಸರಿಯಾಗಿ ಇದೇ ವಯಸ್ಸಿನಲ್ಲಿ. ಎರಡರಿಂದ ಆರು ವರ್ಷದ ನಡುವೆಯೇ ಹೊಸ ತಿನಿಸಿನ ಹೆದರಿಕೆಯೂ ಜಾಸ್ತಿ ಇರುತ್ತದೆ. ಕಹಿ ಮಕ್ಕಳ ನಾಲಿಗೆಗೆ ನಮಗಿಂತ ಜೋರಾಗಿ ತಟ್ಟುತ್ತದೆ. ಹಾಗಲಕಾಯಿ ಬೇಡ ಅನ್ನುವ ಮಗುವನ್ನು ಹಠಮಾರಿ ಅನ್ನಬೇಡಿ.

ಅಳತೆಯಲ್ಲೂ ನಾವು ತಪ್ಪುತ್ತೇವೆ. ಚಿಕ್ಕ ಮಕ್ಕಳಿಗೆ ಒಂದು ಹೊತ್ತಿಗೆ, ವಯಸ್ಸಿನ ವರ್ಷ ಎಷ್ಟೋ ಅಷ್ಟು ದೊಡ್ಡ ಚಮಚ ಪಲ್ಯ ಸಾಕು ಅನ್ನುವ ಲೆಕ್ಕವಿದೆ. ಮೂರು ವರ್ಷದ ಮಗುವಿಗೆ ಮೂರು ಚಮಚ. ನಾವು ಬಡಿಸುವ ಸೌಟು ನೋಡಿದರೇ ಮಗುವಿಗೆ ಅರ್ಧ ಹೊಟ್ಟೆ ತುಂಬಿಹೋಗುತ್ತದೆ.

ಆದರೆ ಸುಮ್ನೆ ಕೂರುವ ಹಾಗೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಬಿಳಿ ಅನ್ನ, ಬಿಸ್ಕತ್ತು, ಹಾಲಿನಲ್ಲೇ ದಿನ ಕಳೆಯುವ ಮಗುವಿಗೆ ಕಬ್ಬಿಣದ ಅಂಶ ಎಲ್ಲಿಂದ ಬರಬೇಕು, ಹೇಳಿ.

ಯಾವುದರಿಂದ ಅಳೆಯುವುದು?

ನಾನು ಪ್ರತಿ ದಾರಿಗೂ ನಾಲ್ಕು ಪ್ರಶ್ನೆ ಹಾಕುತ್ತೇನೆ. ಇವತ್ತು ಹೊಟ್ಟೆಗೆ ಸತ್ವ ಹೋಯಿತಾ? ನಾಳೆ ಆ ತರಕಾರಿಯನ್ನು ಮಗು ತಾನಾಗಿ ತಿನ್ನಲು ಇದರಿಂದ ಕಲಿಯುತ್ತದಾ? ಸಮಯ, ದುಡ್ಡು ಎಷ್ಟು ಬೇಕು? ಊಟದ ಹೊತ್ತು ನೆಮ್ಮದಿಯಾಗಿರುತ್ತದಾ?

ಮೊದಲ ಎರಡು ಪ್ರಶ್ನೆಗಳಿಗೆ ಒಟ್ಟಿಗೆ 'ಹೌದು' ಅನ್ನುವ ದಾರಿ ಕಡಿಮೆ. ಗೊಂದಲ ಹುಟ್ಟುವುದೇ ಅಲ್ಲಿ. ಕೊನೆಯ ಪ್ರಶ್ನೆಗೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಊಟ ಅಂದರೆ ಜಗಳ ಅಂತ ಮಗುವಿನ ಮನಸ್ಸಿನಲ್ಲಿ ಒಮ್ಮೆ ಕೂತರೆ, ಎಂಥ ಒಳ್ಳೆ ಅಡುಗೆ ಮಾಡಿದರೂ ಅದು ತಟ್ಟೆಯ ಹತ್ತಿರ ಬರುವುದಿಲ್ಲ.

ಬೆರೆಸಿ, ಅಡಗಿಸಿ ಕೊಡುವುದು

ಎಲ್ಲರೂ ಮೊದಲು ಹಿಡಿಯುವ ದಾರಿ ಇದು. ಪಾಲಕ್ ರುಬ್ಬಿ ಚಪಾತಿ ಹಿಟ್ಟಿಗೆ, ಕುಂಬಳಕಾಯಿ ಬೇಯಿಸಿ ಕಿವುಚಿ ಸಾಂಬಾರಿಗೆ, ನುಗ್ಗೆ ಸೊಪ್ಪು ಒಣಗಿಸಿ ಚಟ್ನಿಪುಡಿಗೆ, ರಾಗಿ ಹಿಟ್ಟು ದೋಸೆಗೆ. ಇವತ್ತಿನ ಹೊಟ್ಟೆಯ ಪ್ರಶ್ನೆಗೆ ಇದರ ಉತ್ತರ ಚೆನ್ನಾಗಿದೆ. ದುಡ್ಡೂ ಹೆಚ್ಚು ಬೇಡ. ಬೆಳಿಗ್ಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೆ.

ಸೋಲುವುದು ಎರಡನೇ ಪ್ರಶ್ನೆಯಲ್ಲಿ. ಕಾಣದ ಪಾಲಕ್ಕನ್ನು ಮಗು ಗುರುತಿಸುವುದನ್ನು ಕಲಿಯುವುದಿಲ್ಲ. ಸಿಕ್ಕಿಬಿದ್ದರಂತೂ ಕಷ್ಟ. ಒಮ್ಮೆ ಬೀಟ್ರೂಟ್ ತುರಿದು ಇಡ್ಲಿ ಹಿಟ್ಟಿಗೆ ಬೆರೆಸಿದೆ. ಮಗಳು ಬಣ್ಣ ನೋಡಿ ಕೇಳಿದಾಗ 'ಏನೂ ಇಲ್ಲ ಪುಟ್ಟಿ, ತಿನ್ನು' ಅಂದೆ. ಅರ್ಧ ತಿಂದ ಮೇಲೆ ಒಂದು ಎಳೆ ತುರಿ ಅವಳ ಕೈಗೆ ಸಿಕ್ಕಿತು. ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ನನ್ನನ್ನೇ ನೋಡಿದಳು. ಮುಂದಿನ ಮೂರು ವಾರ ಬಿಳಿ ಇಡ್ಲಿಯನ್ನೂ ಮುರಿದು, ಒಳಗೆ ಇಣುಕಿ, ತಳ್ಳಿಬಿಡುತ್ತಿದ್ದಳು. ಇದ್ದ ಒಂದು ಒಳ್ಳೆಯ ತಿಂಡಿಯೂ ಕೈ ಬಿಟ್ಟು ಹೋಯಿತು.

ಹಾಗಂತ ನಾನು ಬೆರೆಸುವುದನ್ನು ಬಿಟ್ಟಿಲ್ಲ. ಸುಳ್ಳು ಹೇಳುವುದನ್ನು ಬಿಟ್ಟೆ. 'ಇದರಲ್ಲಿ ಸಬ್ಬಸಿಗೆ ಇದೆ, ಅದಕ್ಕೇ ಘಮ ಬರ್ತಿದೆ' ಅಂತ ಹೇಳಿಯೇ ಅಕ್ಕಿ ರೊಟ್ಟಿ ಬಡಿಸುತ್ತೇನೆ. ನಮ್ಮ ಅಡುಗೆಯಲ್ಲಿ ಇದಕ್ಕೆ ಬೇಕಾದಷ್ಟು ದಾರಿ ಇದೆ ಅಲ್ವಾ? ಮಸ್ಸೊಪ್ಪು, ಬಸ್ಸಾರು, ತಂಬುಳಿ, ಹೀರೇಕಾಯಿ ಸಿಪ್ಪೆಯ ಚಟ್ನಿ, ತರಕಾರಿ ಹಾಕಿದ ಪಡ್ಡು. ಎಲ್ಲದರಲ್ಲೂ ತರಕಾರಿ ಕರಗಿರುತ್ತದೆ, ಆದರೆ ಯಾರೂ ಬಚ್ಚಿಟ್ಟಿರುವುದಿಲ್ಲ. ಸೊಪ್ಪಿನ ಅಡುಗೆಗೆ ಬಡಿಸುವಾಗ ಒಂದೆರಡು ಹನಿ ನಿಂಬೆರಸ ಹಿಂಡಿ. ಅದರಲ್ಲಿರುವ ವಿಟಮಿನ್ ಸಿ ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಊಟದ ಜೊತೆ ಕಾಫಿ, ಟೀ ಕೊಟ್ಟರೆ ಅದು ತಲೆಕೆಳಗಾಗುತ್ತದೆ.

ಮತ್ತೆ ಮತ್ತೆ, ಚೂರೇ ಚೂರು

ನನ್ನ ಒಲವು ಈ ದಾರಿಯ ಕಡೆಗೆ. ಮಗು ಬೇಡ ಅಂದ ತರಕಾರಿಯನ್ನು ಒತ್ತಾಯವಿಲ್ಲದೆ, ಚೂರೇ ಚೂರು, ಮತ್ತೆ ಮತ್ತೆ ತಟ್ಟೆಗೆ ಹಾಕುವುದು. ಒಂದು ಹೊಸ ರುಚಿಗೆ ಮಗು ಒಗ್ಗಲು 8ರಿಂದ 15 ಸಲ ಬೇಕಾಗಬಹುದು ಅಂತ ಈ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ನಾವು ಮೂರನೇ ಸಲಕ್ಕೇ 'ಅವಳಿಗೆ ಹೀರೇಕಾಯಿ ಆಗಲ್ಲ' ಅಂತ ಎಲ್ಲರ ಮುಂದೆ ಸಾರಿಬಿಡುತ್ತೇವೆ. ಮಗುವೂ ಅದನ್ನು ಕೇಳಿಸಿಕೊಳ್ಳುತ್ತದೆ. ಆಮೇಲೆ ಅದೇ ಅವಳ ಗುರುತಾಗುತ್ತದೆ.

ನಮ್ಮ ಮನೆಯಲ್ಲಿ ಹೀರೇಕಾಯಿಯಿಂದಲೇ ಶುರು ಮಾಡಿದೆವು. ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರ್‌ನಲ್ಲಿ ಬಡಿಸಿದ ದಿನಕ್ಕೊಂದು ಗೀಟು. ಹೋಳು ಬೆರಳ ಉಗುರಿನಷ್ಟು. ಮೊದಲ ಮೂರು ಗೀಟಿಗೆ ಅದು ಎಂದಿನಂತೆ ಅಂಚಿಗೆ ಹೋಯಿತು. ನಾಲ್ಕನೆಯದಕ್ಕೆ ಮೂಸಿ ನೋಡಿದಳು. ಆರನೆಯದಕ್ಕೆ ನೆಕ್ಕಿ, ಮುಖ ಕಿವುಚಿ, ಪಕ್ಕದ ಬಟ್ಟಲಿಗೆ ಉಗುಳಿದಳು. ಉಗುಳಲು ಬಟ್ಟಲು ಇಟ್ಟಿದ್ದು ನಾನೇ. ಉಗುಳಬಹುದು ಅಂತ ಗೊತ್ತಿದ್ದರೆ ಬಾಯಿಗೆ ಹಾಕುವ ಧೈರ್ಯ ಬರುತ್ತದೆ. ಒಂಬತ್ತನೆಯದಕ್ಕೆ ರೂಪ ಬದಲಿಸಿದೆ. ತೊವ್ವೆಯಲ್ಲಿ ಮೆತ್ತಗಾಗುವ ಹೋಳಿನ ಬದಲು ತೆಳ್ಳಗೆ ಹೆಚ್ಚಿ, ಕಡಲೆಹಿಟ್ಟಿನಲ್ಲಿ ಅದ್ದಿ, ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಗರಿಗರಿ ಮಾಡಿದೆ. ಎರಡು ತಿಂದಳು. ಹನ್ನೆರಡನೇ ಗೀಟಿಗೆ ತೊವ್ವೆಯ ಹೋಳೂ ಹೊಟ್ಟೆಗೆ ಇಳಿಯಿತು.

ಆಗ ನನಗೆ ಹೊಳೆದಿದ್ದು, ಎಷ್ಟೋ ಸಲ ಮಗು ಬೇಡ ಅನ್ನುವುದು ರುಚಿಗಲ್ಲ, ಬಾಯಿಗೆ ತಾಗುವ ಬಗೆಗೆ. ಲೋಳೆ ಬೆಂಡೆಕಾಯಿ ತಳ್ಳಿದ ಮಗು ಗರಿಗರಿ ಹುರಿದ ಬೆಂಡೆಕಾಯಿ ತಿನ್ನುತ್ತದೆ. ಬೆಂದ ಕ್ಯಾರೆಟ್ ಉಗುಳಿದ ಮಗು ಕೋಸಂಬರಿಯಲ್ಲಿ ತುರಿದ ಕ್ಯಾರೆಟ್ ಅಗಿಯುತ್ತದೆ.

ಇಲ್ಲಿ ದುಡ್ಡು ಹೆಚ್ಚೇನೂ ಹೋಗುವುದಿಲ್ಲ, ಮನೆಮಂದಿಗೆ ಮಾಡಿದ ಅಡುಗೆಯಲ್ಲೇ ಒಂದು ಹೋಳು. ಹೋಗುವುದು ತಾಳ್ಮೆ. ಮೊದಲ ಎರಡು ವಾರ ಹೊಟ್ಟೆಗೆ ಹೋಗುವ ಸತ್ವ ಸೊನ್ನೆಗೆ ಹತ್ತಿರ. ಅದಕ್ಕೇ ಇದನ್ನು ಬೆರೆಸುವ ದಾರಿಯ ಜೊತೆ ಸೇರಿಸಿ ನಡೆಸಿ. ಬೆಳಿಗ್ಗೆ ಸೊಪ್ಪಿನ ರೊಟ್ಟಿ, ರಾತ್ರಿ ತಟ್ಟೆಯಲ್ಲಿ ಒಂದು ಹೋಳು.

ಅರ್ಧ ನಮ್ಮದು, ಅರ್ಧ ಮಗುವಿನದು

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿಕೊಟ್ಟ ಕ್ರಮ ಇದು, ಈಗ ಎಷ್ಟೋ ದೇಶಗಳ ಮಕ್ಕಳ ವೈದ್ಯರು ಹೇಳುತ್ತಾರೆ. ಏನು ಬಡಿಸುವುದು, ಯಾವ ಹೊತ್ತಿಗೆ, ಎಲ್ಲಿ ಕೂತು ಅನ್ನುವುದು ದೊಡ್ಡವರ ಕೆಲಸ. ತಿನ್ನಬೇಕಾ ಬೇಡವಾ, ಎಷ್ಟು ಅನ್ನುವುದು ಮಗುವಿನ ಕೆಲಸ. ತುತ್ತು ಹಿಡಿದು ಹಿಂದೆ ಓಡುವುದಿಲ್ಲ, 'ಇನ್ನೊಂದೇ ಒಂದು' ಇಲ್ಲ. ಹಾಗೇ 'ಬೇಡ ಅಂದರೆ ಮ್ಯಾಗಿ ಮಾಡಿಕೊಡ್ತೀನಿ' ಅನ್ನುವುದೂ ಇಲ್ಲ.

ನೆಮ್ಮದಿಯ ಪ್ರಶ್ನೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಆದರೆ ಊಟದ ನಡುವಿನ ಹೊತ್ತು ಬಿಗಿಯಾಗಿರಬೇಕು. ನಾಲ್ಕು ಗಂಟೆಗೆ ಬಿಸ್ಕತ್ತು, ಐದಕ್ಕೆ ಹಾಲು, ಆರಕ್ಕೆ ಚಕ್ಕುಲಿ ಹೋದರೆ ಎಂಟಕ್ಕೆ ಹಸಿವು ಎಲ್ಲಿರುತ್ತದೆ? ಎರಡೂವರೆ ಮೂರು ಗಂಟೆಯ ಅಂತರ, ನಡುವೆ ನೀರು ಮಾತ್ರ.

ಕೂಡು ಮನೆಯಲ್ಲಿ ಇದು ತುಂಬ ಕಷ್ಟ. ನಮ್ಮತ್ತೆ ಎರಡನೇ ದಿನವೇ 'ಮಗು ಹಸಿದು ಮಲಗಿದರೆ ನನಗೆ ನಿದ್ದೆ ಬರುತ್ತೇನಮ್ಮಾ?' ಅಂದರು. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ತಟ್ಟೆಯಲ್ಲಿ ಮಗು ಖಂಡಿತ ತಿನ್ನುವ ಒಂದು ಪದಾರ್ಥ ಯಾವಾಗಲೂ ಇರಬೇಕು. ನಮ್ಮಲ್ಲಿ ಅದು ಮೊಸರನ್ನ. ಅದನ್ನು ಕಲಸುವ ಕೆಲಸ ಅತ್ತೆಯದು. ಉಳಿದದ್ದು ಬಡಿಸಿ ಸುಮ್ಮನಿರುವುದು ನನ್ನದು. ಮಗು ಹಸಿದು ಮಲಗಲಿಲ್ಲ, ಅತ್ತೆಗೂ ನಿದ್ದೆ ಬಂತು.

ತೂಕ ತೀರಾ ಕಡಿಮೆ ಇರುವ ಮಗುವಿಗೆ, ಹಸಿವು ಅಂತ ಹೇಳಲು ಗೊತ್ತಾಗದ ಮಗುವಿಗೆ ಈ ದಾರಿಯನ್ನು ನೀವಾಗಿಯೇ ಶುರು ಮಾಡಬೇಡಿ. ಮೊದಲು ವೈದ್ಯರನ್ನು ಕೇಳಿ.

ಕೈ ಜೋಡಿಸುವುದು, ಜೊತೆ ಕೂರುವುದು

ಸಂತೆಯಲ್ಲಿ ಬದನೆಕಾಯಿ ಆರಿಸುವುದು, ಅವರೆಕಾಯಿ ಸುಲಿಯುವುದು, ಮೆಂತ್ಯ ಸೊಪ್ಪು ಬಿಡಿಸುವುದು, ಕುಂಡದಲ್ಲಿ ಕೊತ್ತಂಬರಿ ಬೀಜ ಹಾಕುವುದು. ಮೂರು ವರ್ಷದ ಮಗುವೂ ಇವುಗಳಲ್ಲಿ ಕೈ ಹಾಕಬಹುದು. ತಾನು ಸುಲಿದ ಕಾಳನ್ನು ಮಗು ಬಾಯಿಗೆ ಹಾಕಿ ನೋಡುವ ಸಾಧ್ಯತೆ ಜಾಸ್ತಿ. ಕೆಲಸಕ್ಕೆ ಹೋಗುವವರಿಗೆ ವಾರದ ದಿನ ಇದು ಆಗದ ಮಾತು. ಭಾನುವಾರಕ್ಕೆ ಇಟ್ಟುಕೊಳ್ಳಿ.

ಜೊತೆ ಕೂತು ತಿನ್ನುವುದಕ್ಕೆ ಮಾತ್ರ ಬೇರೆ ಸಮಯ ಬೇಡ. ಹಿಂದೆ ಅಜ್ಜಿಯರು ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದರಲ್ಲ, ಅಲ್ಲಿ ಪಕ್ಕದವನು ಬಾಯಿ ತೆರೆದ ಅಂತ ಇವನೂ ತೆರೆಯುತ್ತಿದ್ದ. ಶಾಲೆಯಲ್ಲೂ ಅದೇ. ಕರ್ನಾಟಕದ ಸರ್ಕಾರಿ, ಅನುದಾನಿತ ಶಾಲೆಗಳ ಬಿಸಿಯೂಟದಲ್ಲಿ 2024ರಿಂದ ವಾರದ ಆರೂ ದಿನ ಮೊಟ್ಟೆ ಕೊಡುತ್ತಿದ್ದಾರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮನೆಯಲ್ಲಿ ಹುಳಿ ಮುಟ್ಟದ ಮಗು ಸಾಲಿನಲ್ಲಿ ಕೂತಾಗ ಅನ್ನಕ್ಕೆ ಕಲಸಿಕೊಂಡು ತಿನ್ನುವುದನ್ನು ಟೀಚರುಗಳು ಹೇಳುತ್ತಾರೆ. ಮನೆಯಲ್ಲಿ ಮಗು ಒಂದೇ ಇದ್ದರೆ ಆ ಸಾಲು ನೀವೇ. ನೀವು ಮೊಬೈಲ್ ನೋಡುತ್ತಾ ಬೇರೆ ಹೊತ್ತಿಗೆ ಊಟ ಮಾಡಿದರೆ ಮಗು ಯಾರನ್ನು ನೋಡಿ ಕಲಿಯಬೇಕು?

ಮೊಬೈಲ್, ಚಾಕೊಲೇಟ್ ಆಸೆ

ಇವತ್ತಿನ ಹೊಟ್ಟೆ ತುಂಬುತ್ತದೆ, ಅದರಲ್ಲಿ ಅನುಮಾನವಿಲ್ಲ. ಜ್ವರದ ದಿನವೋ, ಬಸ್ ಪ್ರಯಾಣದಲ್ಲೋ ಒಮ್ಮೆ ಕೊಟ್ಟರೆ ತಪ್ಪಲ್ಲ. ದಿನಾ ಆದರೆ ಮಗುವಿಗೆ ತಾನು ಏನು ತಿಂದೆ, ಹೊಟ್ಟೆ ತುಂಬಿತಾ ಅನ್ನುವುದೇ ತಿಳಿಯುವುದಿಲ್ಲ. ಕಣ್ಣು ಪರದೆಯ ಮೇಲೆ, ಬಾಯಿ ಮಾತ್ರ ತೆರೆದಿರುತ್ತದೆ.

'ಪಲ್ಯ ತಿಂದರೆ ಚಾಕೊಲೇಟ್' ಅನ್ನುವುದು ಉಲ್ಟಾ ಹೊಡೆಯುತ್ತದೆ. 1980ರ ದಶಕದಲ್ಲಿ ಲೀಆನ್ ಬರ್ಚ್ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು ಪುಟ್ಟ ಮಕ್ಕಳಿಗೆ ಒಂದು ಪಾನೀಯ ಕುಡಿದರೆ ಬಹುಮಾನ ಅಂತ ಹೇಳಿ ನೋಡಿದರು. ಬಹುಮಾನಕ್ಕಾಗಿ ಕುಡಿದ ಮಕ್ಕಳಿಗೆ ಆ ಪಾನೀಯದ ಮೇಲಿನ ಇಷ್ಟ ಕಡಿಮೆಯಾಗಿತ್ತು. ಲಂಚ ಕೊಟ್ಟು ತಿನ್ನಿಸುವಂಥದ್ದು ಕೆಟ್ಟದ್ದೇ ಇರಬೇಕು ಅಂತ ಮಗು ಲೆಕ್ಕ ಹಾಕುತ್ತದೆ. ಕೊಡಲೇಬೇಕು ಅನ್ನಿಸಿದರೆ ತಿನಿಸಲ್ಲದ ಏನಾದರೂ ಕೊಡಿ. ತಟ್ಟೆ ಖಾಲಿ ಮಾಡಿದ್ದಕ್ಕಲ್ಲ, ರುಚಿ ನೋಡಿದ್ದಕ್ಕೆ ಒಂದು ಸ್ಟಿಕ್ಕರ್ ಸಾಕು.

ಹಾಲಿಗೆ ಹಾಕುವ ಪುಡಿ

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಊಟದ ಬದಲಿಗೆ ಇದು ಬೇಡ. ಡಬ್ಬಿಯ ಹಿಂದೆ 100 ಗ್ರಾಂಗೆ ಸಕ್ಕರೆ ಎಷ್ಟು ಅಂತ ಓದಿ. ಕೆಲವು ಪುಡಿಗಳಲ್ಲಿ ಮೂರನೇ ಒಂದು ಭಾಗ ಸಕ್ಕರೆಯೇ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಲ್ಲಿ ಇಡಬೇಡಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಒಂದು ಡಬ್ಬಿಯ ದುಡ್ಡಿನಲ್ಲಿ ಮನೆಗೆ ಒಂದು ಡಜನ್‌ಗೂ ಮೀರಿ ಮೊಟ್ಟೆ ಬರುತ್ತದೆ. ಮೊಟ್ಟೆ ತಿನ್ನದ ಮನೆಗೆ ಹೆಸರುಕಾಳು, ಶೇಂಗಾ ಬರುತ್ತದೆ. ಐದು ವರ್ಷದೊಳಗಿನವರಿಗೆ ಶೇಂಗಾ ಕಾಳಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಪುಡಿ ಮಾಡಿ ಕೊಡಿ.

ಮೈ ಬೆಳೆಯಲು ಪುಡಿ ಬೇಕು ಅನ್ನುವವರಿಗೆ ರಾಗಿ ಹುರಿಹಿಟ್ಟು ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಹಾಲಿನಲ್ಲಿ ಇರುವುದಕ್ಕಿಂತ ಹೆಚ್ಚೂ ಕಡಿಮೆ ಮೂರು ಪಟ್ಟು. ಬೆಲ್ಲ ಮಾತ್ರ ಕೈ ಹಿಡಿದು ಹಾಕಿ, ಅದೂ ಸಕ್ಕರೆಯೇ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ದಾಟಿದರೆ ಹೊಟ್ಟೆ ಹಾಲಿನಲ್ಲೇ ತುಂಬಿ, ಕಬ್ಬಿಣದ ಅಂಶವಿರುವ ಊಟಕ್ಕೆ ಜಾಗ ಉಳಿಯುವುದಿಲ್ಲ. 'ಏನೂ ತಿನ್ನಲ್ಲ' ಅನ್ನುವ ಎಷ್ಟೋ ಮಕ್ಕಳ ಲೆಕ್ಕ ಹಾಲಿನ ಲೋಟ ಎಣಿಸಿದರೆ ಬಗೆಹರಿಯುತ್ತದೆ.

ಹಾಗಾದರೆ ನಿಮ್ಮ ಮನೆಗೆ?

ಇಬ್ಬರೂ ಕೆಲಸಕ್ಕೆ ಹೋಗುವವರು, ಮಗು ಡೇ ಕೇರ್‌ನಲ್ಲಿ ಅಂದರೆ, ಬೆಳಗಿನ ಡಬ್ಬಿಗೆ, ಏನು ಹಾಕಿದೆ ಅಂತ ಮಗುವಿಗೆ ಹೇಳಿಯೇ ತರಕಾರಿ ಬೆರೆಸಿದ ತಿಂಡಿ, ರಾತ್ರಿ ಒಟ್ಟಿಗೆ ಕೂತು ಒಂದು ಹೋಳಿನ ದಾರಿ. ಡಬ್ಬಿಯಲ್ಲಿ ಹೊಸ ತರಕಾರಿಯ ಪ್ರಯೋಗ ಬೇಡ. ಅಲ್ಲಿ ಮಗುವಿನ ಜೊತೆ ನೀವಿರುವುದಿಲ್ಲ, ಹಾಗೇ ವಾಪಸ್ ಬರುತ್ತದೆ.

ಅಜ್ಜಿ ತಾತ ತಿನ್ನಿಸುವ ಮನೆಯಾದರೆ ಮೊದಲು ಅವರ ಜೊತೆ ಮಾತಾಡಿ. ಮನೆಯಲ್ಲಿ ಒಬ್ಬರು ಬಿಟ್ಟು, ಇನ್ನೊಬ್ಬರು ಹಿಂದೆ ಓಡಿದರೆ ಯಾವ ದಾರಿಯೂ ನಡೆಯುವುದಿಲ್ಲ. ಅವರಿಗೆ ಕೈತುತ್ತಿನ ಆಸೆ ಇದ್ದರೆ ಇರಲಿ, ಒಂದೇ ಷರತ್ತು: ಮಗು ಬಾಯಿ ಮುಚ್ಚಿದರೆ ಅಲ್ಲಿಗೆ ನಿಲ್ಲಿಸಬೇಕು.

ಕೈ ಬಿಗಿ ಇರುವ ಮನೆಗೆ ಆಯಾ ಕಾಲದ ಸೊಪ್ಪು, ರಾಗಿ, ಕಾಳು, ಮೊಟ್ಟೆ ಸಾಕು. ಬ್ರಾಕೊಲಿ, ಅವಕಾಡೊ ಇಲ್ಲ ಅಂತ ಮಗುವಿಗೆ ಏನೂ ಕಡಿಮೆಯಾಗುವುದಿಲ್ಲ. ದಂಟಿನ ಸೊಪ್ಪು, ನುಗ್ಗೆ ಸೊಪ್ಪು ಅವುಗಳ ಜಾಗ ಚೆನ್ನಾಗಿ ತುಂಬುತ್ತವೆ.

ಊರು ಬಿಟ್ಟು ಹೊರದೇಶದಲ್ಲಿರುವವರು ಕೇಳುವುದು ಬೇರೆ. ಮಗು ಪಾಸ್ತಾ ತಿನ್ನುತ್ತೆ, ಹುಳಿ ಮುಟ್ಟಲ್ಲ ಅಂತ. ಪಾಸ್ತಾವನ್ನೇ ಮೊಸರನ್ನದ ಜಾಗದಲ್ಲಿಟ್ಟುಕೊಳ್ಳಿ. ಅದರ ಪಕ್ಕ ಒಂದು ಚಮಚ ಹುಳಿ ಇರಲಿ.

ಹಠ ಮತ್ತು ಕಾಯಿಲೆಯ ನಡುವಿನ ಗೆರೆಯನ್ನು ಮಾತ್ರ ಯಾರೂ ಮರೆಯಬೇಡಿ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಇಳಿಯುತ್ತಿದ್ದರೆ, ಪ್ರತಿ ಊಟಕ್ಕೂ ಓಕರಿಕೆ ಬಂದರೆ, ನುಂಗಲು ಕಷ್ಟಪಟ್ಟರೆ, ತಿನ್ನುವ ಪದಾರ್ಥಗಳು ಇಪ್ಪತ್ತಕ್ಕಿಂತ ಕಡಿಮೆಯಾಗಿ ಇನ್ನೂ ಕಡಿಮೆಯಾಗುತ್ತಿದ್ದರೆ, ಮಣ್ಣು, ಬಳಪ ತಿನ್ನುತ್ತಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ. ಮಲಬದ್ಧತೆ, ಹಲ್ಲುನೋವು, ಜಂತುಹುಳುವೂ ಹಸಿವು ಕೆಡಿಸುತ್ತವೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಮಾತ್ರೆ ಉಚಿತವಾಗಿ ಕೊಡುತ್ತಾರೆ, ತಪ್ಪಿಸಬೇಡಿ. ಬಣ್ಣ, ವಾಸನೆ, ಮುಟ್ಟಿದರೆ ಆಗುವ ಅನುಭವಕ್ಕೆ ವಿಪರೀತ ಬೆದರುವ ಮಕ್ಕಳಿರುತ್ತಾರೆ. ಅವರಿಗೆ ಮೇಲಿನ ಯಾವ ದಾರಿಯೂ ಹಾಗೇ ಹೊಂದುವುದಿಲ್ಲ. ಊಟದ ತರಬೇತಿ ಕೊಡುವ ಥೆರಪಿಸ್ಟ್ ಇರುತ್ತಾರೆ, ವೈದ್ಯರೇ ಕಳಿಸಿಕೊಡುತ್ತಾರೆ.

ಇನ್ನು ಶುರು ಮಾಡುವವರಿಗೆ: ಒಂದೇ ತರಕಾರಿ ಆರಿಸಿಕೊಳ್ಳಿ. ಸ್ವಲ್ಪ ಸಿಹಿ ಇರುವುದಾದರೆ ಒಳ್ಳೆಯದು, ಸಿಹಿಗುಂಬಳವೋ ಕ್ಯಾರೆಟ್ಟೋ. ವಾರಕ್ಕೆ ಮೂರು ಸಲ, ಉಗುರಿನಷ್ಟು ಹೋಳು, ಪಕ್ಕದಲ್ಲಿ ಮಗು ತಿನ್ನುವ ಅನ್ನ, ಉಗುಳಲು ಒಂದು ಬಟ್ಟಲು. ಕ್ಯಾಲೆಂಡರ್‌ನಲ್ಲಿ ಹದಿನೈದು ಗೀಟು ಆಗುವವರೆಗೆ 'ಇವನಿಗೆ ಇದು ಆಗಲ್ಲ' ಅಂತ ಅವನ ಮುಂದೆ ಯಾರಿಗೂ ಹೇಳಬೇಡಿ.